ಹಂಗೇರಿಯ ಬಿಷಪ್ಪರೂ ನನ್ನ ಬಲಿಯದ ಸೊಪ್ಪೂ

ಹಂಗೇರಿ ಎಂಬ ದೇಶ ಭೂಪಟದಲ್ಲಿ ಎಲ್ಲಿದೆ ಎಂದು ಕೇಳಿದರೆ ನಾನು ಬೆರಳಿಟ್ಟು ತೋರಿಸಲಾರೆ. ಆದರೆ ನೂರೈವತ್ತು ವರ್ಷಗಳ ಹಿಂದೆ ಆ ದೇಶದ ಕ್ಯಾಥೊಲಿಕ್ ಬಿಷಪ್ಪರು ಒಂದು ಇಕ್ಕಟ್ಟಿನ ದಿನ ಹೇಗೆ ಜಾರಿಕೊಂಡರು ಎಂದು ಕೇಳಿ, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಎಸ್ಸೆಸ್ಸೆಲ್ಸಿಯಲ್ಲಿ ಸಮಾಜ ವಿಜ್ಞಾನವೂ ಸೇರಿ ಮೂರು ವಿಷಯಗಳಲ್ಲಿ ನಪಾಸಾಗಿ, ಮತ್ತೆ ಕಟ್ಟುತ್ತೇನೆ ಎಂದು ಹೇಳಿ ಕಟ್ಟದೇ ಇದ್ದವನು ನಾನು. ಇಷ್ಟು ತಿಳುವಳಿಕೆ ಬಂದದ್ದು ಓದಿನಿಂದಲ್ಲ. ಅವರು ಮಾಡಿದ್ದನ್ನೇ ನಾನೂ ಮಾಡಿದ್ದರಿಂದ.

ನನ್ನ ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ನಾನು ಬೆಟ್ಟದಪುರದ ಹತ್ತಿರ ನಮ್ಮ ಊರಿನಲ್ಲೇ ಹೊಗೆಸೊಪ್ಪು ಬೆಳೆದುಕೊಂಡು ಉಳಿದೆ. ಅವಳು ಮೈಸೂರಿಗೆ ಹೋಗಿ ಇತಿಹಾಸದಲ್ಲಿ ಎಂ.ಎ. ಮಾಡಿದಳು. ಆಮೇಲೆ ಪಿಎಚ್.ಡಿ.ಗೆ ಸೇರಿ, ಎಲ್ಲ ಬಿಟ್ಟು ಈ ಹಂಗೇರಿಯ ಬಿಷಪ್ಪರನ್ನು ಹಿಡಿದುಕೊಂಡಳು. ಯಾಕವ್ವ ಎಂದು ಕೇಳಿದ್ದಕ್ಕೆ, "ಮಹಾರಾಜರ ಮ್ಯಾಲೆ ಬರೆಯೋರು ನೂರು ಜನ ಅವ್ರೆ ಕಣಣ್ಣ, ಇವರ ಮ್ಯಾಲೆ ಬರೆಯೋಳು ನಾನೊಬ್ಳೇ. ನನ್ ತಪ್ಪು ಕಂಡುಹಿಡಿಯೋಕೂ ಯಾರೂ ಇರಲ್ಲ" ಎಂದು ನಕ್ಕಳು.

ಊರಿನ ಟೀ ಅಂಗಡಿಯಲ್ಲಿ ಇದು ದೊಡ್ಡ ಸುದ್ದಿಯಾಯಿತು. ನಮ್ಮ ಹೊಲದ ಪಕ್ಕದ ಹೊಲದ ಯಜಮಾನರು, ಹೊಗೆಸೊಪ್ಪಿನ ವಿಷಯದಲ್ಲಿ ನನಗೆ ಗುರುಗಳಂತಿದ್ದವರು, ಎಲ್ಲರ ಎದುರಿಗೇ ಕೇಳಿದರು.

"ಏನ್ಲಾ, ನಿನ್ ತಂಗಿ ಪಾದ್ರಿಗಳ ಮ್ಯಾಲೆ ಬರೀತಾವ್ಳಂತೆ? ನಮ್ ಸ್ವಾಮ್ಗಳು ಸಾಲ್ದೇ ಬಂದ್ರಾ?"

"ನಮ್ ಸ್ವಾಮ್ಗಳ ಮ್ಯಾಲೆ ಬರುದ್ರೆ ನೀವು ಸುಮ್ಕಿರ್ತೀರಾ?" ಎಂದೆ.

"ಅದೂ ನಿಜವೇ ಬುಡು" ಎಂದು ಅವರು ಟೀ ಕುಡಿದರು. ನನ್ನ ಜೀವನದಲ್ಲಿ ನಾನು ಕೊಟ್ಟ ಒಂದೇ ಜಾಣ ಉತ್ತರ ಅದು. ಅದರಿಂದಾಗಿ ನಾನೂ ತಂಗಿಯಷ್ಟೇ ಬುದ್ಧಿವಂತ ಎಂದು ಬಹಳ ದಿನ ನಂಬಿಕೊಂಡಿದ್ದೆ.

ರಜಕ್ಕೆ ಬಂದಾಗ ಅವಳು ಅದನ್ನೆಲ್ಲ ನನಗೆ ಹೇಳುತ್ತಿದ್ದಳು. ಆ ದೇಶದಲ್ಲಿ ಬಿಷಪ್ ಎಂದರೆ ಬರೀ ಪೂಜೆ ಮಾಡುವವನಲ್ಲ. ಯಾರು ಬಿಷಪ್ ಆಗಬೇಕೆಂದು ಹೆಸರು ಸೂಚಿಸುವವನು ರಾಜ. ಬಿಷಪ್ ಆದವನಿಗೆ ನೋಡಿದಷ್ಟು ದೂರ ಜಮೀನು. ಶಾಸನಸಭೆಯ ಮೇಲ್ಮನೆಯಲ್ಲಿ, ಓಟು ಗೀಟು ಏನೂ ಇಲ್ಲದೆ, ಪೀಠದ ಬಲದಿಂದಲೇ ಕುರ್ಚಿ. ರೈತರು ಬೆಳೆದದ್ದರಲ್ಲಿ ಹತ್ತನೇ ಒಂದು ಪಾಲು ಚರ್ಚಿಗೆ ಹೋಗುತ್ತಿತ್ತು. ರಾಜನ ವಿರುದ್ಧ ಕ್ರಾಂತಿ ಎದ್ದ ವರ್ಷ ಬಿಷಪ್ಪರು ಅದನ್ನು ಬಿಟ್ಟುಕೊಟ್ಟರು. ಒಬ್ಬ ಬಿಷಪ್ ಕ್ರಾಂತಿಯವರ ಸರ್ಕಾರದಲ್ಲಿ ಮಂತ್ರಿಯೇ ಆಗಿ, ಅವರು ಸೋತ ಮೇಲೆ ದೇಶ ಬಿಟ್ಟು ಓಡಿ, ಪರದೇಶದಲ್ಲಿ ಕೂತು ಇತಿಹಾಸ ಬರೆದನಂತೆ. "ಬೆಳೆ ಪಾಲು ಹೆಂಗ್ ಎಣಿಸ್ತಿದ್ರು, ಹೊಲದಲ್ಲೋ ಕಣದಲ್ಲೋ?" ಎಂದು ನಾನು ಕೇಳಿದರೆ ಅವಳ ಕಣ್ಣು ಅರಳುತ್ತಿತ್ತು. "ನಮ್ ಗೈಡೂ ಈ ಪ್ರಶ್ನೆ ಕೇಳ್ನಿಲ್ಲ ಕಣಣ್ಣ" ಎನ್ನುತ್ತಿದ್ದಳು. ನಾನು ಮೀಸೆ ತಿರುವುತ್ತಿದ್ದೆ.

ಆ ಓದಿನ ನಡುವೆಯೇ ಅವಳು ಎಚ್.ಡಿ. ಕೋಟೆ ಕಡೆಯ ಒಬ್ಬ ಮೇಷ್ಟರನ್ನು ಮದುವೆಯಾಗುವುದೆಂದು ತೀರ್ಮಾನಿಸಿದಳು. ಹ್ಯಾಂಡ್‌ಪೋಸ್ಟ್ ಎಂಬ ಊರಿನಿಂದ ಸ್ವಲ್ಪ ಒಳಗಿನ ಹಳ್ಳಿಯವರು. ನಮ್ಮ ಜಾತಿಯವರಲ್ಲ. ಅಪ್ಪ ಆಗ ಬದುಕಿದ್ದರು. ಅವರು ಕೂಗಾಡಲಿಲ್ಲ. ಜಗಲಿಯ ಮೇಲೆ ಕೂತು, "ಅವಳು ಆಗ್ಲಿ, ನಾನ್ ತಡೆಯಲ್ಲ. ಆದ್ರೆ ಈ ಮನೆಯಿಂದ ಒಬ್ರು ಅಲ್ಲಿಗೆ ಹೋದ್ರೂ ನನ್ ಹೆಣ ಮುಟ್ಟಕೂಡ್ದು" ಎಂದರು. ಮದುವೆ ಹುಣಸೂರಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ನೋಟಿಸ್ ಹಲಗೆಯ ಮೇಲೆ ತಿಂಗಳು ಕಾಲ ಇಬ್ಬರ ಹೆಸರೂ ಅಂಟಿಸಿತ್ತು. ಸಾಕ್ಷಿಗೆ ಮೂರು ಜನ ಬೇಕು. ಇಬ್ಬರು ಮೇಷ್ಟರ ಕಡೆಯ ಗೆಳೆಯರು.

"ಮೂರನೇದು ನೀನು ಕಣಣ್ಣ" ಎಂದಳು ತಂಗಿ. "ಬೇರೆ ಯಾರ್ನಾದ್ರೂ ಕರ್ಕಬೋದು. ಆದ್ರೆ ನನ್ ಕಡೆಯಿಂದ ಒಬ್ರು ಇರ್ಬೇಕು ಅಂತ ಆಸೆ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬುಡು, ಬ್ಯಾಸ್ರ ಮಾಡ್ಕಳಲ್ಲ."

ಈಗಲೇ ಹೇಳಿಬಿಡು ಎಂದಳಲ್ಲ, ಅದೇ ನನ್ನಿಂದ ಆಗದ ಕೆಲಸ. "ಬತ್ತೀನಿ ಕಣವ್ವ" ಎಂದೆ. ಅದೇ ಸಾಯಂಕಾಲ ಅಪ್ಪ, "ನೀನೇನು ಹೋಗ್ತಿಲ್ಲ ತಾನೇ?" ಎಂದರು. "ನಾನ್ಯಾಕೆ ಹೋಗ್ಲಪ್ಪ" ಎಂದೆ. ಎರಡು ಮಾತಿಗೂ ನಡುವೆ ಒಂದು ಗಂಟೆಯೂ ಇರಲಿಲ್ಲ. ಎರಡನ್ನೂ ಹೇಳುವಾಗ ನನ್ನ ದನಿ ಒಂದೇ ಥರ ಗಟ್ಟಿಯಾಗಿತ್ತು.

ಹೊಗೆಸೊಪ್ಪು ಬೆಳೆಯದವರಿಗೆ ಇಲ್ಲಿ ಒಂದು ವಿಷಯ ಹೇಳಬೇಕು. ಸೊಪ್ಪು ಬುಡದಿಂದ ಮೇಲಕ್ಕೆ ಬಲಿಯುತ್ತಾ ಹೋಗುತ್ತದೆ. ಬಲಿತ ಎಲೆಗಳನ್ನು ಮಾತ್ರ ಬಿಡಿಸಿ, ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಕಿಟಕಿಯಿಲ್ಲದ ಕೋಣೆಯಲ್ಲಿ ಸಾಲಾಗಿ ತೂಗುಹಾಕಿ, ಹೊರಗಿನ ಒಲೆಗೆ ಬೆಂಕಿ ಹಾಕುತ್ತೇವೆ. ಒಳಗೆ ಬಿಸಿ ಏರಿ ಎಲೆ ಮೊದಲು ಹಳದಿಗೆ ತಿರುಗಿ ಆಮೇಲೆ ಒಣಗಬೇಕು. ಐದಾರು ದಿನ ಆ ಬೆಂಕಿಯನ್ನು ಯಾರಾದರೂ ಕಾಯಲೇಬೇಕು. ಉರಿ ಹೆಚ್ಚಾದರೆ ಸೊಪ್ಪು ಕೆಡುತ್ತದೆ, ಆರಿದರೂ ಕೆಡುತ್ತದೆ. ಹೀಗಾಗಿ ನಮ್ಮ ಕಡೆ "ಬ್ಯಾರನ್‌ಗೆ ಬೆಂಕಿ ಹಾಕಿದ್ದೀನಿ" ಎಂದರೆ ಯಾರೂ ಎದುರು ಮಾತಾಡುವುದಿಲ್ಲ. ಮದುವೆ, ತಿಥಿ, ಪಂಚಾಯಿತಿ, ಎಲ್ಲಕ್ಕೂ ಅದು ರಜಾ ಚೀಟಿ.

ಮದುವೆ ಸೋಮವಾರ. ಶುಕ್ರವಾರ ನಾನು ಹೊಲಕ್ಕೆ ಇಳಿದು ಸೊಪ್ಪು ಬಿಡಿಸಿದೆ. ಬಲಿತ ಎಲೆಯನ್ನೆಲ್ಲ ಹಿಂದಿನ ವಾರವೇ ಬಿಡಿಸಿಯಾಗಿತ್ತು. ಉಳಿದದ್ದೆಲ್ಲ ಎಳೆಯದು, ಕಡುಹಸಿರು. ಕಡಿಮೆಯೆಂದರೂ ಇನ್ನು ಎಂಟು ದಿನ ಗಿಡದಲ್ಲಿ ನಿಲ್ಲಬೇಕಾದದ್ದು. ನನಗೆ ಗೊತ್ತಿತ್ತು. ನನ್ನ ಹೆಂಡತಿಗೂ ಗೊತ್ತಿತ್ತು. "ಏನ್ರೀ ಇದು, ಹಸೀ ಸೊಪ್ಪು?" ಎಂದಳು. "ಮಳೆ ಬರೋ ಹಂಗದೆ, ಗಿಡದಲ್ಲೇ ಹಾಳಾಯ್ತದೆ" ಎಂದೆ. ಆಕಾಶದಲ್ಲಿ ಹತ್ತಿಯಷ್ಟು ಮೋಡವೂ ಇರಲಿಲ್ಲ. ಶನಿವಾರ ಒಲೆಗೆ ಬೆಂಕಿ ಹಾಕಿದೆ.

ಸೋಮವಾರ ಬೆಳಿಗ್ಗೆ ಹೆಂಡತಿಯೇ ನನ್ನ ಬಿಳಿ ಅಂಗಿ ತೆಗೆದಿಟ್ಟಳು. "ನಾನ್ ಬೆಂಕಿ ನೋಡ್ಕತೀನಿ, ನೀವ್ ಹೋಗ್ಬನ್ನಿ. ಮಾವ ಕೇಳುದ್ರೆ ಪಿರಿಯಾಪಟ್ಟಣಕ್ಕೆ ಹೋಗವ್ರೆ ಅಂತೀನಿ" ಎಂದಳು. "ಹೆಂಗಸ್ರಿಗೆ ಉರಿ ಹದ ಗೊತ್ತಾಗಲ್ಲ" ಎಂದೆ. ನಮ್ಮ ಬ್ಯಾರನ್ ಕಟ್ಟಿದಾಗಿನಿಂದ ಉರಿ ಹದ ನೋಡುತ್ತಿದ್ದವಳು ಅವಳೇ. ನಾನು ಒಲೆ ಮುಂದೆ ಕೂತಾಗಲೆಲ್ಲ ನಿದ್ದೆ ಮಾಡುತ್ತಿದ್ದೆ. ಅವಳು ಅಂಗಿಯನ್ನು ಮಡಿಸಿ ಒಳಗಿಟ್ಟಳು.

ಹತ್ತೂವರೆಗೆ ಹುಣಸೂರಿನಿಂದ ತಂಗಿಯ ಫೋನು ಬಂತು. "ಎಲ್ಲಿದ್ದೀಯಣ್ಣ? ಬಸ್ ಸಿಗ್ಲಿಲ್ವಾ?"

"ಬ್ಯಾರನ್‌ಗೆ ಬೆಂಕಿ ಹಾಕ್ಬುಟ್ಟಿದ್ದೀನಿ ಕಣವ್ವ. ಬಿಸಿ ಒಂದೇ ಸಮ ಏರ್ತಾ ಅದೆ. ಬುಟ್ಟು ಬರೋ ಹಂಗೇ ಇಲ್ಲ."

"ಬೆಂಕಿನಾ?" ಎಂದಳು ಅವಳು. ನಂಬಲಿಲ್ಲವೇನೋ ಎಂದು ನನಗೆ ಭಯವಾಯಿತು. ಆಗ ನಾನು ಫೋನನ್ನು ಒಲೆಯ ಬಾಯಿಗೆ ಹಿಡಿದೆ. ಒಣ ಸೌದೆ ಚಟಪಟ ಎನ್ನುತ್ತಿತ್ತು. "ಕೇಳ್ತಾ?" ಎಂದೆ.

"ಕೇಳ್ತು. ಹೋಗ್ಲಿ ಬುಡಣ್ಣ, ಜೋಪಾನ" ಎಂದಳು.

ಜೋಪಾನ ಎಂದಳು. ನನಗೆ.

ಕಚೇರಿಯ ಹೊರಗೆ ಅರ್ಜಿ ಬರೆದುಕೊಡುವ ಯಾರೋ ಒಬ್ಬರು ಮೂರನೇ ಸಾಕ್ಷಿ ಹಾಕಿದರಂತೆ. ಗುರುವಾರ ಬ್ಯಾರನ್ ಬಾಗಿಲು ತೆಗೆದಾಗ ಸೊಪ್ಪು ಹಸಿರಾಗಿಯೇ ಒಣಗಿ, ಅಲ್ಲಲ್ಲಿ ಕಪ್ಪಾಗಿ ಮುದುಡಿತ್ತು. ಪಕ್ಕದ ಹೊಲದ ಯಜಮಾನರು ಒಂದೆಲೆ ಹಿಡಿದು ಬೆಳಕಿಗೆ ಎತ್ತಿ ನೋಡಿದರು. "ಏನ್ಲಾ ಇದು, ಪಲ್ಯಕ್ಕೆ ಬೇಯ್ಸಿದ್ದಾ?" ಎಂದವರು, ನನ್ನ ಮುಖ ನೋಡಿ, ಎಲೆಯನ್ನು ಕೆಳಗಿಟ್ಟು ಹೋದರು. ಅವರಿಗೆ ತಿಳಿಯಿತು. ಅವರಿಗೆ ತಿಳಿದರೆ ಊರಿಗೂ ತಿಳಿದ ಹಾಗೆ. ತಿಳಿಯದೆ ಉಳಿದವಳು ತಂಗಿ ಒಬ್ಬಳೇ.

ಇದಾಗಿ ಹನ್ನೊಂದು ವರ್ಷ. ಅಪ್ಪ ಹೋದರು. ಅವರ ಹೆಣ ಮುಟ್ಟುವ ಹಕ್ಕನ್ನು ನಾನು ಉಳಿಸಿಕೊಂಡಿದ್ದೆನಲ್ಲ, ಚೆನ್ನಾಗಿಯೇ ಮುಟ್ಟಿದೆ. ತಂಗಿ ಕೆ.ಆರ್. ನಗರದಲ್ಲಿ ಕಾಲೇಜು ಉಪನ್ಯಾಸಕಿಯಾದಳು. ಮೇಷ್ಟರಿಗೂ ಅಲ್ಲೇ ಸ್ಕೂಲು. ಹಬ್ಬಕ್ಕೆ ಬರುವುದು ಹೋಗುವುದು ಎಲ್ಲ ಶುರುವಾಯಿತು. ಯಾರಾದರೂ ಅವಳ ಮದುವೆಯ ಮಾತೆತ್ತಿದರೆ, "ನಮ್ಮಣ್ಣ ಬಂದಿರೋನು, ಬ್ಯಾರನ್ ಬುಟ್ಟು ಬರಕ್ಕಾಗ್ನಿಲ್ಲ" ಎಂದು ಅವಳೇ ನನ್ನ ಪರ ವಕಾಲತ್ತು ಮಾಡುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ. ಹೇಳಿ ಹೇಳಿ ಕೇಳಿ ಕೇಳಿ, ಕೊನೆಗೆ ನನಗೇ ಅದು ನಿಜ ಅನ್ನಿಸಲು ಶುರುವಾಗಿತ್ತು.

ಹೋದ ಆಗಸ್ಟಿನಲ್ಲಿ ಅವಳು ಒಂದು ದಪ್ಪ ಕಟ್ಟು ತಂದು ನನ್ನ ಕೈಗಿಟ್ಟಳು. ಆ ಬಿಷಪ್ಪರ ಮೇಲೆ ಬರೆದದ್ದನ್ನು ಸಾಮಾನ್ಯರಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಪುಸ್ತಕ ಮಾಡಿದ್ದಳು.

"ನೀನ್ ಓದ್ಬೇಕು ಕಣಣ್ಣ. ನಿಂಗೆ ತಿಳುದ್ರೆ ಯಾರ್ಗಾದ್ರೂ ತಿಳೀತದೆ."

"ಹೊಗಳಿಕೆಯೋ ಬೈಗುಳವೋ?"

"ಎರಡೂವೆ. ಎಲ್ಲಿ ತಿಳಿಯಲ್ವೋ ಅಲ್ಲಿ ಪೆನ್ಸಿಲ್ಲಲ್ಲಿ ಗೆರೆ ಹಾಕು. ಮುಂದಿನ ವಾರ ಪ್ರೆಸ್ಸಿಗೆ ಕೊಡ್ಬೇಕು."

ಅವಳು ಹೋದ ಮೇಲೆ ಕಟ್ಟು ಬಿಚ್ಚಿದೆ. ಮೊದಲ ಹಾಳೆಯಲ್ಲೇ ಅರ್ಪಣೆ. "ನನ್ನ ಮದುವೆಯ ದಿನ ಬೆಂಕಿ ಬಿಟ್ಟು ಬರಲಾರದೆ, ಮನಸ್ಸನ್ನು ಮಾತ್ರ ಕಳಿಸಿಕೊಟ್ಟ ಅಣ್ಣನಿಗೆ."

ಫೋನಿನಲ್ಲಿ ಹೇಳಿದ ಸುಳ್ಳು ಗಾಳಿಗೆ ಹೋಗುತ್ತದೆ. ಇದು ಅಚ್ಚಾಗುತ್ತದೆ. ಲೈಬ್ರರಿಗಳಲ್ಲಿ ಇಡುತ್ತಾರೆ. ನಾನು ಸತ್ತ ಮೇಲೂ ಆ ಬೆಂಕಿ ಉರಿಯುತ್ತಲೇ ಇರುತ್ತದೆ. ಪ್ರೆಸ್ಸಿಗೆ ಹೋಗುವ ಮುಂಚೆ ಅವಳಿಗೆ ಹೇಳಲೇಬೇಕು ಎಂದುಕೊಂಡೆ. ಹಾಗೆ ಅಂದುಕೊಂಡು ಮೂರು ದಿನ ಪುಸ್ತಕ ಓದಿದೆ. ಯಾವ ಕೆಲಸವನ್ನೂ ಮುಂದೂಡಲು ಪುಸ್ತಕದಷ್ಟು ಒಳ್ಳೆಯದು ಬೇರೆ ಇಲ್ಲ ಎಂದು ಆಗ ತಿಳಿಯಿತು. ಮೊದಲೇ ತಿಳಿದಿದ್ದರೆ ಎಸ್ಸೆಸ್ಸೆಲ್ಸಿ ಪಾಸಾಗುತ್ತಿದ್ದೆ.

ನಾಲ್ಕನೇ ಅಧ್ಯಾಯದಲ್ಲಿ ಸಿಕ್ಕಿಬಿದ್ದೆ. ರೋಮ್‌ನಲ್ಲಿ ಪೋಪ್ ದೊಡ್ಡ ಸಭೆ ಕರೆದಿದ್ದಾನೆ. ಧರ್ಮದ ವಿಷಯದಲ್ಲಿ ಪೋಪ್ ಪೀಠದಿಂದ ಸಾರಿದ ಮಾತು ತಪ್ಪಾಗಲಾರದು ಎಂದು ನಿರ್ಣಯ ಮಾಡಬೇಕು. ಹಂಗೇರಿಯ ಬಿಷಪ್ಪರಲ್ಲಿ ಹೆಚ್ಚಿನವರಿಗೆ ಅದು ಒಪ್ಪಿಗೆಯಿಲ್ಲ. ಊರಲ್ಲಿ ರಾಜನ ಸರ್ಕಾರ ಬೇರೆ ಕಣ್ಣು ಬಿಟ್ಟು ನೋಡುತ್ತಿದೆ. ತಿಂಗಳುಗಟ್ಟಲೆ ವಾದ ಮಾಡಿದರು. ಕೊನೆಯ ಓಟಿನ ದಿನ ಎದ್ದು ನಿಂತು ಪೋಪ್‌ನ ಎದುರಿಗೇ "ಬೇಡ" ಎನ್ನಬೇಕು. ಅದನ್ನು ಅನ್ನಲಾರದೆ, ಅವರೂ ಅವರಂಥ ಬೇರೆ ದೇಶದ ಬಿಷಪ್ಪರೂ ಓಟಿನ ಮುಂಚೆಯೇ ರೋಮ್ ಬಿಟ್ಟು ಹೊರಟುಬಿಟ್ಟರು. ತಂದೆಯಂಥವರ ಮುಖದೆದುರು ಹಾಗನ್ನಲು ಗೌರವ ಬಿಡುವುದಿಲ್ಲ ಎಂದು ಕಾಗದ ಬರೆದುಕೊಟ್ಟರು. ನಿರ್ಣಯ ಆಯಿತು. ಊರಿಗೆ ಹೋದ ಮೇಲೆ ಒಬ್ಬೊಬ್ಬರಾಗಿ ಒಪ್ಪಿಕೊಂಡರು.

ನಾನು ಆ ಪ್ಯಾರಾದ ಪಕ್ಕ ಪೆನ್ಸಿಲ್ ಇಟ್ಟು, ಮೇಲಿಂದ ಕೆಳಗಿನವರೆಗೆ ದಪ್ಪ ಗೆರೆ ಎಳೆದೆ. ಮುಂದಕ್ಕೆ ಓದಲಾಗಲಿಲ್ಲ, ಕೊನೆಯ ಅಧ್ಯಾಯ ಒಂದು ಹಾಗೇ ಉಳಿಯಿತು. ಕಟ್ಟು ಕಟ್ಟಿ, ಬ್ಯಾಗಿಗೆ ಹಾಕಿಕೊಂಡು, ಮಾರನೇ ದಿನ ಬಸ್ ಹತ್ತಿದೆ.

ಹುಣಸೂರಿನಲ್ಲಿ ಬಸ್ ಬದಲಿಸಿ ಕೆ.ಆರ್. ನಗರ ಮುಟ್ಟುವವರೆಗೂ ಹೇಗೆ ಹೇಳುವುದೆಂದು ಬಾಯಿಪಾಠ ಮಾಡಿದೆ. ಪಕ್ಕದಲ್ಲಿ ಕೂತ ಹೆಂಗಸು ನನ್ನ ತುಟಿ ಅಲ್ಲಾಡುವುದನ್ನು ನೋಡಿ, ಮಂತ್ರ ಹೇಳುತ್ತಿದ್ದೇನೆಂದು ತಿಳಿದು ಕಾಲು ಮುದುರಿ ಕೂತಳು. ಮನೆ ಮುಟ್ಟಿದಾಗ ಮೇಷ್ಟರು ಬಾಗಿಲು ತೆಗೆದರು. "ಬನ್ನಿ ಭಾವ" ಎಂದು ಅವರು, "ಚೆನ್ನಾಗಿದ್ದೀರಾ ಮೇಷ್ಟ್ರೇ" ಎಂದು ನಾನು. ಕಾಫಿ ಬಂತು. ಈ ಸಲ ಮಳೆ ಹೇಗೆ ಎಂದೆ. ನಾಲೆಯಲ್ಲಿ ನೀರು ಬಿಟ್ಟರಾ ಎಂದೆ. ಭತ್ತದ ನಾಟಿ ಮುಗಿಯಿತಾ ಎಂದೆ. ಅವರಿಗೆ ಗದ್ದೆಯೇ ಇಲ್ಲ.

ತಂಗಿ ಹಾಳೆ ತಿರುವುತ್ತಿದ್ದಳು. ಅಲ್ಲಲ್ಲಿ ಗೆರೆ ನೋಡಿ, "ಇದು ನಿಜ, ಕಷ್ಟ ಆಯ್ತು", "ಇದ್ಕೆ ಬೇರೆ ಪದ ಹಾಕ್ತೀನಿ" ಎಂದುಕೊಳ್ಳುತ್ತಾ ಹೋದವಳು ನಾಲ್ಕನೇ ಅಧ್ಯಾಯದಲ್ಲಿ ನಿಂತಳು.

"ಅಣ್ಣ, ಇಷ್ಟ್ ದಪ್ಪ ಗೆರೆ? ಇದ್ರಲ್ಲಿ ಏನ್ ತಿಳೀನಿಲ್ಲ? ಇಡೀ ಪುಸ್ತಕದಲ್ಲಿ ಇದೇ ಸಲೀಸಾಗಿರೋದು."

"ತಿಳೀತು ಕಣವ್ವ. ಅದ್ಕೇ ಹಾಕ್ದೆ."

ಬಾಯಿಪಾಠ ಮಾಡಿದ್ದರಲ್ಲಿ ಒಂದು ಮಾತೂ ನೆನಪಿಗೆ ಬರಲಿಲ್ಲ. "ಅವತ್ತು ಬ್ಯಾರನ್‌ನಲ್ಲಿದ್ದುದ್ದು ಬಲಿಯದ ಸೊಪ್ಪು" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಹೊಗೆಸೊಪ್ಪಿನ ಊರಲ್ಲೇ ಹುಟ್ಟಿದವಳಾದರೂ ಅವಳ ಬುದ್ಧಿ ಅಲ್ಲಿಗೆ ಹೋಗಲಿಲ್ಲ. ನಾನೇ ಬಿಡಿಸಿ ಹೇಳಿದೆ. ಶುಕ್ರವಾರ ಬಿಡಿಸಿದ್ದು, ಶನಿವಾರ ಬೆಂಕಿ ಹಾಕಿದ್ದು, ಅಪ್ಪನಿಗೂ ಅವಳಿಗೂ ಎರಡು ಥರ ಹೇಳಿದ್ದು, ಅವಳ ಅತ್ತಿಗೆ ಅಂಗಿ ತೆಗೆದಿಟ್ಟದ್ದು.

"ಫೋನಲ್ಲಿ ಉರಿ ಸದ್ದು ಕೇಳಿಸ್ತಲ್ಲ?"

"ಉರಿ ನಿಜ ಕಣವ್ವ. ಸೊಪ್ಪು ಸುಳ್ಳು."

ಮೇಷ್ಟರು ಲೋಟ ಎತ್ತಿಕೊಂಡು ಒಳಗೆ ಹೋಗಲು ಎದ್ದರು. "ನೀವು ಕೂತ್ಕಳಿ" ಎಂದಳು ತಂಗಿ. ಅವರು ಖಾಲಿ ಲೋಟ ಹಿಡಿದುಕೊಂಡೇ ಕೂತರು.

"ನನ್ ಬಿಷಪ್ಪರಿಗೆ ನಿನ್ನ ಹೋಲಿಸ್ಕಬ್ಯಾಡ" ಎಂದಳು. ದನಿ ಏರಿಸಲಿಲ್ಲ. "ಅವರು ಹೋಗೋ ಮುಂಚೆ ನಾವು ಒಪ್ಪಲ್ಲ ಅಂತ ಕಾಗದ ಕೊಟ್ಟು ಹೋದ್ರು. ಪೋಪ್‌ಗೆ ಗೊತ್ತಿತ್ತು ಅವರು ಯಾಕೆ ಹೋದ್ರು ಅಂತ. ನಂಗೆ ಏನ್ ಗೊತ್ತಿತ್ತು? ಆಗಲ್ಲ ಅಂದ್ರೆ ಈಗ್ಲೇ ಹೇಳು ಅಂದಿದ್ದೆ ನಾನು. ಅಂದಿದ್ನೋ ಇಲ್ವೋ?"

"ಅಂದಿದ್ದೆ."

"ಹನ್ನೊಂದು ವರ್ಷ ನಿನ್ ಪರ ನಾನ್ ಮಾತಾಡ್ದೆ ಕಣೋ."

ಅವಳು ನನ್ನನ್ನು ಎಂದೂ ಹಾಗೆ ಕರೆದವಳಲ್ಲ. ಮೊದಲ ಹಾಳೆ ತೆಗೆದು, ಅರ್ಪಣೆಯ ಎರಡು ಸಾಲಿನ ಮೇಲೆ ಅಡ್ಡಗೆರೆ ಎಳೆದಳು. ನಿಜ ಹೇಳಿದರೆ ಎದೆ ಹಗುರಾಗುತ್ತದೆ ಎಂದು ಕೇಳಿದ್ದೆ. ಹಾಗೇನೂ ಆಗಲಿಲ್ಲ. ಬಾಯಲ್ಲಿ ಕಾಫಿ ಕಹಿಯಾಯಿತು, ಅಷ್ಟೇ.

ಬಸ್ ಸ್ಟ್ಯಾಂಡಿಗೆ ಬಿಡಲು ಮೇಷ್ಟರು ಬಂದರು. ದಾರಿಯಲ್ಲಿ ಒಂದು ಕಡೆ ಸ್ಕೂಟರ್ ನಿಧಾನ ಮಾಡಿ, "ಒಂದ್ ಮಾತು ಭಾವ. ಅವತ್ತು ನೀವು ಬರಲ್ಲ ಅಂತ ಫೋನಲ್ಲಿ ಹೇಳಿದ್ ಮೇಲೂ ಅವ್ಳು ಮಧ್ಯಾಹ್ನದ ತನಕ ಕಾಯ್ಸಿದ್ಲು. ಬ್ಯಾರನ್ ಯಾರ್ಗಾದ್ರೂ ವಹಿಸಿ ಬಂದೇ ಬತ್ತಾನೆ ಅಂತ. ಆಫೀಸ್ನೋರು ಊಟಕ್ಕೆ ಹೊಂಟಾಗ ಬೇರೆ ಸಾಕ್ಷಿಗೆ ಒಪ್ಪಿದ್ಲು" ಎಂದರು. ನಾನು ಅವರ ಬೆನ್ನು ನೋಡುತ್ತಾ ಕೂತಿದ್ದೆ. ಇಳಿಯುವಾಗ, "ನೀವು ಇದನ್ನ ಯಾಕೆ ಇಷ್ಟ್ ದಿನ ಹೇಳ್ಲಿಲ್ಲ?" ಎಂದೆ.

"ನಿಮಗೆ ಬ್ಯಾಸರ ಆಗ್ಬಾರ್ದು ಅಂತ ಅವ್ಳೇ ಹೇಳ್ಬ್ಯಾಡಿ ಅಂದಿದ್ಲು."

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. "ಈಗ್ಲಾದ್ರೂ ಹೇಳುದ್ರಲ್ಲ" ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು, "ನಂಗೆ ಉರಿ ಹದ ಗೊತ್ತಾಗಲ್ಲ ಅಂದ್ರಲ್ಲ, ಅದನ್ನ ಹೇಳುದ್ರಾ?" ಎಂದಳು. ಹೇಳಿರಲಿಲ್ಲ.

ಐದು ದಿನ ತಂಗಿಯಿಂದ ಫೋನಿಲ್ಲ. ನಾನು ಮಾಡಿದರೂ ಎತ್ತಲಿಲ್ಲ. ಆರನೇ ದಿನ ಬೆಳಿಗ್ಗೆ ನಾನು ಉರಿಯುತ್ತಿದ್ದ ಬ್ಯಾರನ್ ಒಲೆಗೆ ಸೌದೆ ಹಾಕುತ್ತಿದ್ದಾಗ ಅವಳೇ ಮಾಡಿದಳು. ಹೇಗಿದ್ದೀಯ ಎಂದೂ ಕೇಳಲಿಲ್ಲ.

"ನಾಳೆ ಪ್ರೆಸ್ಸಿಗೆ ಕೊಡ್ತಾ ಇವ್ನಿ. ಕೊನೇ ಅಧ್ಯಾಯದಲ್ಲಿ ಒಂದ್ ಗೆರೆನೂ ಇಲ್ಲ. ಎಲ್ಲಾ ತಿಳೀತೋ, ಇಲ್ಲ ಓದ್ಲೇ ಇಲ್ವೋ?"

"ಎಲ್ಲಾ ತಿಳೀತು" ಎಂಬುದು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನನ್ನ ನಾಲಿಗೆಗೆ ಆ ದಾರಿ ಚೆನ್ನಾಗಿ ಗೊತ್ತು.

"ಓದ್ಲಿಲ್ಲ" ಎಂದೆ.

ಆ ಕಡೆ ಹಾಳೆ ಸರಿಸಿದ ಸದ್ದು ಕೇಳಿಸಿತು. "ಹಂಗಾದ್ರೆ ನಾನ್ ಓದ್ತೀನಿ, ಕೇಳು. ಕೆಲ್ಸ ಇದ್ರೆ ಈಗ್ಲೇ ಹೇಳ್ಬುಡು."

"ಬೆಂಕಿ ಹಾಕಿದ್ದೀನಿ. ಆದ್ರೆ ನಿನ್ ಅತ್ತಿಗೆ ಅವ್ಳೆ. ಅವ್ಳಿಗೆ ಉರಿ ಹದ ನನಗಿಂತ ಚೆನ್ನಾಗಿ ಗೊತ್ತು. ನೀನ್ ಓದು" ಎಂದೆ. ಹೆಂಡತಿ ನನ್ನ ಕೈಯಿಂದ ಸೌದೆ ಕಿತ್ತುಕೊಂಡು, ನಡೀರಿ ಅತ್ತ ಎಂದು ಸನ್ನೆ ಮಾಡಿದಳು.

ತಂಗಿ ಓದಿದಳು. ಮದುವೆಗಳನ್ನು ಇನ್ನು ಮುಂದೆ ಚರ್ಚಲ್ಲ, ಸರ್ಕಾರ ದಾಖಲು ಮಾಡಬೇಕೆಂದು ಆ ದೇಶದಲ್ಲಿ ಕಾನೂನು ಬಂತಂತೆ. ಬಿಷಪ್ಪರು ಈ ಸಲ ಊರು ಬಿಟ್ಟು ಹೋಗಲಿಲ್ಲ. ಮೇಲ್ಮನೆಯಲ್ಲಿ ಕೂತು, ಎದುರೆದುರಿಗೇ ವಿರೋಧ ಮಾಡಿ, ಒಮ್ಮೆ ಗೆದ್ದು, ಆಮೇಲೆ ಸೋತರು. ಅವಳು ಕಾಲೇಜಿನಲ್ಲಿ ಪಾಠ ಮಾಡುವ ದನಿಯಲ್ಲಿ ಓದುತ್ತಿದ್ದಳು, ಅಣ್ಣನಿಗೆ ಓದುವ ದನಿಯಲ್ಲಿ ಅಲ್ಲ. ನಾನು ಜಗಲಿಯ ಮೇಲೆ ಕೂತು ಕೇಳಿದೆ. ಒಂದು ಕಡೆ ಸಾಲು ಉದ್ದವಾಗಿ ಎಲ್ಲೋ ಕಳೆದುಹೋಯಿತು.

"ಇದು ತಿಳೀನಿಲ್ಲ" ಎಂದೆ.

"ಯಾವ್ದು?"

"ಸೋತ ಮ್ಯಾಲೆ ಅವ್ರು ಏನ್ ಮಾಡಿದ್ರು ಅನ್ನೋದು."

ಅವಳು ಆ ಸಾಲನ್ನು ತನಗೇ ಇನ್ನೊಮ್ಮೆ ಓದಿಕೊಂಡಳು. ಆಮೇಲೆ, "ಇರು, ಅದನ್ನ ಎರಡು ಸಾಲು ಮಾಡ್ತೀನಿ" ಎಂದಳು. ಪೆನ್ನಿನ ಸದ್ದು ನಿಲ್ಲುವವರೆಗೆ ನಾನು ಫೋನು ಇಡದೆ ಕಾದೆ.